ಪೇಪರ್‌ನಲ್ಲಿ ಒಬ್ಬರ ಹೆಸರು, ಭುಜದ ಮೇಲೆ ಇನ್ನೊಬ್ಬರ ಬರೆ: ನನ್ನ ರೋನ್ ಕುದುರೆ ನಿಜಕ್ಕೂ ರಾಂಚ್ ತಳಿಯಾ?

ನೀಲಿರೋನ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನಿರುವುದು ಒಕ್ಲಹೋಮಾದಲ್ಲಿ. ಹೋದ ವರ್ಷ ಒಂದು ಕ್ವಾರ್ಟರ್ ಹಾರ್ಸ್ (ದನದ ಕೆಲಸಕ್ಕೆ ಹೆಸರಾದ ಅಮೆರಿಕದ ತಳಿ) ಹೆಣ್ಣುಗುದುರೆ ಕೊಂಡೆ. ಬ್ಲೂ ರೋನ್ ಬಣ್ಣ (ಕಪ್ಪು ಕೂದಲಿನ ನಡುವೆ ಬಿಳಿ ಬೆರೆತದ್ದು), ವಯಸ್ಸು 11. ದಪ್ಪ ಮೂಳೆ, ಗಟ್ಟಿ ಗೊರಸು, ದನ ಕಂಡರೆ ಸಾಕು ಕಿವಿ ನೆಟ್ಟಗೆ. ಮಾರಿದವರು "ಪಕ್ಕಾ ರಾಂಚ್ ತಳಿ, ಹ್ಯಾನ್‌ಕಾಕ್ ರಕ್ತ" ಎಂದು ಹೇಳಿಯೇ ಮಾರಿದರು. ಬೆಲೆಯೂ ಅದಕ್ಕೆ ತಕ್ಕ ಹಾಗೆಯೇ ಇತ್ತು.

ಈಗ ಬರುವ ವಸಂತದಲ್ಲಿ ಮರಿ ಹಾಕಿಸೋಣ ಅಂತಿದ್ದೇನೆ. ಅದರ ವಂಶಾವಳಿಯ ನೋಂದಣಿ ಪೇಪರ್ ಹರಡಿಕೊಂಡು ಕೂತರೆ ತಲೆ ಕೆಡುತ್ತಿದೆ. ಬ್ರೀಡರ್ ಜಾಗದಲ್ಲಿ ಒಕ್ಲಹೋಮಾದ ಒಬ್ಬ ವ್ಯಕ್ತಿಯ ಹೆಸರಿದೆ, ರಾಂಚ್ ಹೆಸರಿಲ್ಲ. ಇದರ ತಾಯಿ ಮತ್ತು ಅಜ್ಜಿ ಇಬ್ಬರಿಗೂ ಬ್ರೀಡರ್ ಟೆಕ್ಸಸ್‌ನ ಒಂದು ರಾಂಚ್. ಆದರೆ ಕುದುರೆಯ ಎಡ ಭುಜದ ಮೇಲಿರುವ ಬರೆ ಆ ರಾಂಚ್‌ನದ್ದಲ್ಲ. ಒಂದು ಅಕ್ಷರ ಮಲಗಿದಂತಿದೆ, ಕೆಳಗೊಂದು ಗೆರೆ. ಚಳಿಗಾಲದ ಕೂದಲಿನಲ್ಲಿ ಸರಿಯಾಗಿ ಕಾಣುವುದಿಲ್ಲ.

ತಂದೆಯ ಕಡೆ ಎಲ್ಲ ಕಟಿಂಗ್ ಕುದುರೆಗಳು, ಅಂದರೆ ಹಿಂಡಿನಿಂದ ಒಂದು ದನವನ್ನು ಬೇರೆ ಮಾಡುವ ಸ್ಪರ್ಧೆಯವು. ನಾಲ್ಕನೇ ತಲೆಮಾರಿನಲ್ಲಿ ಪೆಪ್ಪಿ ಸ್ಯಾನ್ ಬ್ಯಾಡ್ಜರ್ ಇದೆ. ಹ್ಯಾನ್‌ಕಾಕ್ ವಂಶದ ಮೂಲ ಗಂಡುಕುದುರೆ ಜೋ ಹ್ಯಾನ್‌ಕಾಕ್ ಹೆಸರು ಆರನೇ ತಲೆಮಾರಿನಲ್ಲಿ ಒಮ್ಮೆ, ಏಳನೆಯದರಲ್ಲಿ ಎರಡು ಸಲ ಬರುತ್ತದೆ. ಇನ್ನೂ ಹಿಂದೆ ಹೋದರೆ ಕೆಲವು ಕಡೆ ತಾಯಿಗೆ ಹೆಸರೇ ಇಲ್ಲ, "ಇಂಥ ರಾಂಚ್‌ನ ಮೇರ್" ಅಷ್ಟೇ.

ಇದನ್ನು ರಾಂಚ್ ತಳಿ ಎಂದು ಹೇಳಬಹುದಾ? ಮೂಲ ಹುಡುಕುವುದು ಎಲ್ಲಿಂದ ಶುರು ಮಾಡಬೇಕು?

ಕಡಿವಾಣ:

ಕುದುರೆ ದನ ನೋಡಿ ಕೆಲಸ ಮಾಡುತ್ತೆ ಅಂತೀರಿ. ಇನ್ನು ಅದರ ಮುತ್ತಜ್ಜ ಯಾರಾದರೇನು? ಪೇಪರ್ ಮೇಲೆ ಜೀನು ಹಾಕೋಕಾಗಲ್ಲ. ಸುಮ್ನೆ ಸವಾರಿ ಮಾಡಿ.

ಯಾರ್ಡ್ ಡಾಕ್ಟರು:

ಕಡಿವಾಣ ಅವರೇ, ಸವಾರಿ ಮಾಡುವವರಿಗೆ ನಿಮ್ಮ ಮಾತು ಸರಿ. ಮರಿ ಹಾಕಿಸುವವರಿಗೆ ಸಾಲದು. ಕುದುರೆ ತಾನು ಮಾಡುವ ಕೆಲಸವನ್ನು ನಿಮಗೆ ತೋರಿಸುತ್ತೆ. ಮರಿಗೆ ಏನು ಕೊಡುತ್ತೆ ಎನ್ನುವುದನ್ನು ಅದರ ಅಕ್ಕತಂಗಿ, ಅಣ್ಣತಮ್ಮಂದಿರು ತೋರಿಸುತ್ತಾರೆ.

ನನ್ನ ಪರಿಚಯ ಇಷ್ಟೇ: ಟೆಕ್ಸಸ್ ಪ್ಯಾನ್‌ಹ್ಯಾಂಡಲ್‌ನ ಒಂದು ಫೀಡ್‌ಯಾರ್ಡ್‌ನಲ್ಲಿ ದನದ ಡಾಕ್ಟರು. ನಮ್ಮ ಪೆನ್ ರೈಡರ್‌ಗಳು ಬೆಳಗಾದರೆ ಕುದುರೆ ಹತ್ತಿ ಒಂದೊಂದೇ ಪೆನ್ (ದನ ಕೂಡಿಹಾಕುವ ಬೇಲಿಯ ಆವರಣ) ಹೊಕ್ಕು ಕಾಯಿಲೆ ದನಗಳನ್ನು ಬೇರೆ ಮಾಡುತ್ತಾರೆ. ಅವರ ಕುದುರೆಗಳ ಪೇಪರ್ ಓದುವುದು ನನ್ನ ಚಟ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಮೊದಲು ಬ್ರೀಡರ್ ವಿಷಯ. ಅಮೆರಿಕನ್ ಕ್ವಾರ್ಟರ್ ಹಾರ್ಸ್ ಅಸೋಸಿಯೇಷನ್ (ಎಕ್ಯೂಎಚ್‌ಎ) ಲೆಕ್ಕದಲ್ಲಿ ಬ್ರೀಡರ್ ಎಂದರೆ ಗಂಡು ಕೊಡಿಸಿದ ಹೊತ್ತಿಗೆ ತಾಯಿ ಕುದುರೆ ಯಾರದಾಗಿತ್ತೋ ಅವರು. ಲೀಸ್‌ಗೆ ತಗೊಂಡಿದ್ದು ದಾಖಲಾಗಿದ್ದರೆ ಲೀಸ್‌ದಾರರು. ಮರಿ ಎಲ್ಲಿ ಹುಟ್ಟಿತು, ಯಾರು ಸಾಕಿದರು, ಯಾರು ಪಳಗಿಸಿದರು ಎಂಬುದಕ್ಕೂ ಆ ಹೆಸರಿಗೂ ಸಂಬಂಧ ಇರಲೇಬೇಕೆಂದಿಲ್ಲ. ತಾಯಿ ಗಬ್ಬವಿದ್ದಾಗಲೇ ಕೈ ಬದಲಾದರೆ ಪೇಪರ್ ಮೇಲೆ ಒಬ್ಬರು, ಭುಜದ ಮೇಲೆ ಇನ್ನೊಬ್ಬರು. ಎರಡೂ ಸುಳ್ಳಲ್ಲ. ಬರೆ ಹಾಕುವುದು ಸಾಮಾನ್ಯವಾಗಿ ಮರಿಯನ್ನು ತಾಯಿಯಿಂದ ಬಿಡಿಸುವ ಹೊತ್ತಿಗೆ. ಆಗ ಮರಿ ಯಾರ ಬೇಲಿಯೊಳಗಿತ್ತು ಎನ್ನುವುದಷ್ಟೇ ಅದರಿಂದ ಗೊತ್ತಾಗುತ್ತೆ.

ಬರೆ ಓದಲು ಭುಜವನ್ನು ಚೆನ್ನಾಗಿ ನೀರು ಹಾಕಿ ಒದ್ದೆ ಮಾಡಿ, ಬೆಳಕು ಓರೆಯಾಗಿ ಬೀಳುವ ಕಡೆ ನಿಲ್ಲಿಸಿ. ಆಗಲೂ ಕಾಣದಿದ್ದರೆ ಅಷ್ಟು ಜಾಗದ ಕೂದಲನ್ನು ಕ್ಲಿಪ್ಪರ್‌ನಲ್ಲಿ ತೆಗೆಯಿರಿ. ನಿಮ್ಮದು ರೋನ್ ಆಗಿರುವುದು ಅದೃಷ್ಟ. ರೋನ್ ಕುದುರೆಯ ಚರ್ಮಕ್ಕೆ ಗಾಯವಾದರೆ ಅಲ್ಲಿ ಬಿಳಿ ಬೆರೆಯದೆ ಬರೀ ಮೂಲ ಬಣ್ಣದ ಕೂದಲು ಬರುತ್ತದೆ. ಬ್ಲೂ ರೋನ್ ಮೇಲೆ ಕಾದ ಕಬ್ಬಿಣದ ಬರೆ ಕಪ್ಪಗೆ ಬರೆದಂತೆ ಕಾಣುತ್ತದೆ. ಬೇಲಿ ತಂತಿ ಗೀರಿದ್ದು, ಬೇರೆ ಕುದುರೆ ಕಚ್ಚಿದ್ದು ಕೂಡ ಹಾಗೇ ಕಪ್ಪಾಗಿರುತ್ತೆ. ಅದನ್ನು ಅಕ್ಷರದ ಕಾಲು ಅಂದುಕೊಳ್ಳಬೇಡಿ.

ಮಲಗಿದ ಅಕ್ಷರಕ್ಕೆ ಇಲ್ಲಿ ಲೇಜಿ ಎನ್ನುತ್ತಾರೆ, ಅಡ್ಡಗೆರೆಗೆ ಬಾರ್. ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಓದಿ. ಟೆಕ್ಸಸ್‌ನಲ್ಲಿ ಬರೆಗಳಿಗೆ ಇಡೀ ರಾಜ್ಯಕ್ಕೆ ಒಂದೇ ಪಟ್ಟಿ ಇಲ್ಲ. ಒಂದೊಂದು ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ಬೇರೆ ಬೇರೆ ನೋಂದಣಿ, ಹತ್ತು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಕೊನೆಯದಾಗಿ ಮಾಡಿಸಿದ್ದು 2021ರಲ್ಲಿ. ಅಕ್ಕಪಕ್ಕದ ಎರಡು ಕೌಂಟಿಗಳಲ್ಲಿ ಒಂದೇ ಗುರುತು ಇಬ್ಬರದಾಗಿರಬಹುದು, ಆದ್ದರಿಂದ ಮೈಮೇಲಿನ ಜಾಗವನ್ನೂ ಹೇಳಿ ಕೇಳಿ: ಎಡ ಭುಜ, ಕುದುರೆ. ಒಕ್ಲಹೋಮಾದಲ್ಲಾದರೆ ಕ್ಯಾಟಲ್‌ಮೆನ್ಸ್ ಅಸೋಸಿಯೇಷನ್ ಪುಸ್ತಕ ನೋಡಿ. ಅಲ್ಲಿ ನೋಂದಣಿ ಕಡ್ಡಾಯವಲ್ಲ, ಸಿಗದಿದ್ದರೆ ಆಶ್ಚರ್ಯ ಬೇಡ. ನ್ಯೂ ಮೆಕ್ಸಿಕೋದ್ದಾದರೆ ಲೈವ್‌ಸ್ಟಾಕ್ ಬೋರ್ಡ್ ಹತ್ತಿರ ಎಲ್ಲವೂ ಒಂದೇ ಕಡೆ ಇದೆ, ಸುಲಭ.

ಇನ್ನು ಹ್ಯಾನ್‌ಕಾಕ್ ರಕ್ತ. ಆರನೇ ತಲೆಮಾರಿನ ಒಬ್ಬ ಪೂರ್ವಜನ ಪಾಲು 64ರಲ್ಲಿ 1. ಏಳನೆಯದರಲ್ಲಿ 128ರಲ್ಲಿ 1, ಅದು ಎರಡು ಸಲ. ಒಟ್ಟು ಕೂಡಿದರೆ ಶೇ. 3 ಚಿಲ್ಲರೆ. ಅದೂ ಸರಾಸರಿ ಲೆಕ್ಕ. ಅಷ್ಟು ದೂರದಿಂದ ನಿಜವಾಗಿ ಎಷ್ಟು ಇಳಿದು ಬಂದಿದೆಯೋ ದೇವರೇ ಬಲ್ಲ. ನಾಲ್ಕನೇ ತಲೆಮಾರಿನ ಪೆಪ್ಪಿ ಸ್ಯಾನ್ ಬ್ಯಾಡ್ಜರ್ ಒಂದೇ ಶೇ. 6ಕ್ಕಿಂತ ಜಾಸ್ತಿ. ಹ್ಯಾನ್‌ಕಾಕ್ ಹೆಸರು ಹೇಳಿ ಬೆಲೆ ಏರಿಸುವವರು ಈ ಭಾಗಾಕಾರ ಮಾಡುವುದಿಲ್ಲ, ಕೊಳ್ಳುವವರು ಮಾಡಬೇಕು ಅಷ್ಟೇ.

ಇನ್ನೊಂದು ಗೊಂದಲ ಇದೆ, ಇದು ಎಲ್ಲರಿಗೂ ಆಗುವಂಥದ್ದು. ರಾಂಚ್‌ನವರು ಕೊಂಡ ಕುದುರೆ ಬೇರೆ, ರಾಂಚ್‌ನಲ್ಲೇ ಕಟ್ಟಿದ ತಳಿ ಬೇರೆ. ಪೋಕೋ ಬುಯೆನೋ ಎಂಬ ಹೆಸರಾಂತ ಗಂಡುಕುದುರೆ ಅಂದರೆ ಎಲ್ಲರ ಬಾಯಲ್ಲೂ ವ್ಯಾಗನರ್ ರಾಂಚ್. ಆದರೆ ಅದು 1944ರಲ್ಲಿ ಹುಟ್ಟಿದ್ದು ಜೆಸ್ ಹ್ಯಾಂಕಿನ್ಸ್ ಅವರ 'ಕಿಂಗ್' ಕುದುರೆಗೆ. ಇ. ಪಾಲ್ ವ್ಯಾಗನರ್ ಅದನ್ನು ಒಂದು ವರ್ಷದ ಮರಿಯಾಗಿದ್ದಾಗ ಹರಾಜಿನಲ್ಲಿ 5,700 ಡಾಲರ್ ಕೊಟ್ಟು ತಂದರು. ನಿಮ್ಮ ಪೆಪ್ಪಿ ಸ್ಯಾನ್ ಬ್ಯಾಡ್ಜರ್ ಕೂಡ ಹಾಗೇ. ಕಿಂಗ್ ರಾಂಚ್ ಕುದುರೆ ಎಂದೇ ಹೆಸರು, 1977ರಲ್ಲಿ ಬಸ್ಟರ್ ವೆಲ್ಚ್ ಸವಾರಿಯಲ್ಲಿ ಕಟಿಂಗ್ ಫ್ಯೂಚುರಿಟಿ (ಎಳೆಯ ಕುದುರೆಗಳ ದೊಡ್ಡ ಕಟಿಂಗ್ ಸ್ಪರ್ಧೆ) ಗೆದ್ದಿತು, ಆದರೆ ಹುಟ್ಟಿದ್ದು ಅಲ್ಲಲ್ಲ. ಹೊರಗಿನಿಂದ ಬಂದ ಗಂಡನ್ನು ತಮ್ಮ ಹಳೆಯ ಹೆಣ್ಣುಗುದುರೆಗಳ ಹಿಂಡಿನ ಮೇಲೆ ಬಿಡುವುದು ಅವರ ಪದ್ಧತಿ. ರಾಂಚ್ ಇರುವುದು ಆ ಹಿಂಡಿನಲ್ಲಿ.

ಕಿಂಗ್ ರಾಂಚ್‌ನ ಹಳೆಯ ಕೆಲಸ ನೋಡಿದರೆ ಇದು ಚೆನ್ನಾಗಿ ತಿಳಿಯುತ್ತೆ. ಓಲ್ಡ್ ಸಾರೆಲ್ 1915ರ ಕುದುರೆ. ಆಲಿಸ್ ಊರಿನ ಜಾರ್ಜ್ ಕ್ಲೆಗ್ ಅವರಿಂದ ಇನ್ನೂ ಹಾಲು ಕುಡಿಯುವ ಮರಿಯಾಗಿದ್ದಾಗಲೇ ಕೊಂಡು ತಂದದ್ದು. ರಾಂಚ್ ನಡೆಸುತ್ತಿದ್ದ ಬಾಬ್ ಕ್ಲೆಬರ್ಗ್ ಮಾಡಿದ್ದೇನೆಂದರೆ, ಅದರ ಗಂಡು ಮಕ್ಕಳನ್ನು ಬೇರೆ ತಾಯಂದಿರಿಗೆ ಹುಟ್ಟಿದ ಅದರದೇ ಹೆಣ್ಣು ಮಕ್ಕಳ ಮೇಲೆ ಬಿಟ್ಟರು. ಹಾಗೆ 1937ರಲ್ಲಿ ಹುಟ್ಟಿದ್ದೇ ವಿಂಪಿ. ತಂದೆ ಸೋಲಿಸ್, ತಾಯಿ ಪಾಂಡಾ, ಇಬ್ಬರೂ ಓಲ್ಡ್ ಸಾರೆಲ್ ಮಕ್ಕಳು. ಮೊಮ್ಮಗನಾದರೂ ಅಜ್ಜನ ಪಾಲು ಶೇ. 50, ಮಗನಿಗಿರುವಷ್ಟೇ. 1940ರಲ್ಲಿ ಎಕ್ಯೂಎಚ್‌ಎ ಶುರುವಾದಾಗ, 1941ರ ಫೋರ್ಟ್ ವರ್ತ್ ಪ್ರದರ್ಶನದಲ್ಲಿ ಗೆಲ್ಲುವ ಗಂಡಿಗೆ ನೋಂದಣಿ ಸಂಖ್ಯೆ 1 ಎಂದು ಎತ್ತಿಟ್ಟಿದ್ದರು. ಅದು ವಿಂಪಿಗೆ ಹೋಯಿತು. ಅಜ್ಜನಿಗೆ ಸಿಕ್ಕಿದ್ದು 209. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ನಗು ಬರುತ್ತೆ.

ಹಾಗಾಗಿ ನಿಮ್ಮ ಪೇಪರ್‌ನ ಮೇಲಿನ ಸಾಲು ಬಿಡಿ, ತೀರಾ ಕೆಳಗಿನ ಸಾಲು ಓದಿ. ತಾಯಿ, ಅವಳ ತಾಯಿ, ಅವಳ ತಾಯಿ. ಪ್ರತಿಯೊಬ್ಬಳ ಮುಂದೆಯೂ ಬ್ರೀಡರ್ ಯಾರು, ಹುಟ್ಟಿದ ವರ್ಷ ಯಾವುದು ಎಂದು ಬರೆದುಕೊಳ್ಳಿ. ಒಂದೇ ರಾಂಚ್ ಎಷ್ಟು ತಲೆಮಾರು ಆ ಹೆಣ್ಣುಗಳನ್ನು ಮಾರದೆ ಇಟ್ಟುಕೊಂಡಿತು ಎನ್ನುವುದು ಗೊತ್ತಾಗಬೇಕು. ನಿಮ್ಮದರಲ್ಲಿ ಈಗಾಗಲೇ ಎರಡು ಸಿಕ್ಕಿವೆ. ನನ್ನ ಕಣ್ಣಿಗೆ ಅದು ಮೂರು ಹ್ಯಾನ್‌ಕಾಕ್‌ಗಿಂತ ದೊಡ್ಡದು.

ಆಮೇಲೆ ಎಕ್ಯೂಎಚ್‌ಎಯಿಂದ ತಾಯಿಯ ಪ್ರೊಡ್ಯೂಸ್ ರೆಕಾರ್ಡ್ ತರಿಸಿ. ಅವಳಿಗೆ ಹುಟ್ಟಿ ನೋಂದಣಿಯಾದ ಮರಿಗಳೆಲ್ಲ ಅದರಲ್ಲಿರುತ್ತವೆ. ಅವುಗಳಲ್ಲಿ ಬೀಜ ಒಡೆಸಿದ ಗಂಡುಗಳು ಎಲ್ಲಿಗೆ ಹೋದವು ನೋಡಿ. ರಾಂಚ್‌ನವರು ತಮ್ಮ ಕೌಬಾಯ್‌ಗಳ ರೆಮುಡಾಕ್ಕೆ (ದಿನದ ಕೆಲಸದ ಕುದುರೆಗಳ ಗುಂಪಿಗೆ) ಇಟ್ಟುಕೊಂಡಿದ್ದರೆ ಅದಕ್ಕಿಂತ ಒಳ್ಳೆಯ ಸರ್ಟಿಫಿಕೇಟ್ ಇಲ್ಲ. ಎರಡನೇ ವರ್ಷಕ್ಕೇ ಎಲ್ಲವನ್ನೂ ಹರಾಜಿಗೆ ಹಾಕಿದ್ದರೆ ಅದನ್ನೂ ಗಮನಿಸಿ.

ನೀಲಿರೋನ್:

ಮೇಡಂ, ತುಂಬಾ ಥ್ಯಾಂಕ್ಸ್. ಹೆಸರೇ ಇಲ್ಲದ ಆ ಹೆಣ್ಣುಗಳ ಬಗ್ಗೆ ಹೇಳಲಿಲ್ಲ. ಅಲ್ಲಿಂದ ಹಿಂದೆ ಹೋಗುವ ದಾರಿ ಇದೆಯಾ? ಡಿಎನ್‌ಎ ಮಾಡಿಸಿದರೆ ಹ್ಯಾನ್‌ಕಾಕ್ ಹೌದೋ ಅಲ್ಲವೋ ಗೊತ್ತಾಗಲ್ವಾ?

ಬೇರುಕೂದಲು:

ಡಿಎನ್‌ಎ ಬಗ್ಗೆ ನಾನು ಹೇಳುತ್ತೇನೆ, ನಾನು ಲ್ಯಾಬ್ ಕಡೆಯವನು. ಜೂಲಿನಿಂದಲೋ ಬಾಲದಿಂದಲೋ ಕೂದಲು ಕೀಳಬೇಕು, ಕತ್ತರಿಸಿದರೆ ಪ್ರಯೋಜನ ಇಲ್ಲ. ತುದಿಯ ಬೇರಿನ ಗಡ್ಡೆ ಬೇಕು. ಎಕ್ಯೂಎಚ್‌ಎ ಪರೀಕ್ಷೆ ನಡೆಯುವುದು ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶು ತಳಿ ಪ್ರಯೋಗಾಲಯದಲ್ಲಿ. ತಂದೆ ತಾಯಿಯ ಮಾದರಿ ಫೈಲ್‌ನಲ್ಲಿದ್ದರೆ ಅವರೇ ಹೌದೋ ಅಲ್ಲವೋ ಎಂದು ಹೇಳಬಹುದು. 1943ರಲ್ಲಿ ಸತ್ತ ಜೋ ಹ್ಯಾನ್‌ಕಾಕ್‌ನನ್ನು ಅದರಲ್ಲಿ ಹುಡುಕಲು ಆಗುವುದಿಲ್ಲ.

ಮರಿ ಹಾಕಿಸುವ ಮುಂಚೆ ವಂಶದಿಂದ ಬರುವ ಕಾಯಿಲೆಗಳ ಡಿಎನ್‌ಎ ಪ್ಯಾನೆಲ್ ಮಾತ್ರ ಖಂಡಿತ ಮಾಡಿಸಿ. ಎಕ್ಯೂಎಚ್‌ಎಯವರು ಬೀಜದ ಕುದುರೆಗಳಿಗೆ ಕಡ್ಡಾಯ ಮಾಡಿದ್ದಾರೆ, ಹೆಣ್ಣಿಗೆ ಅಲ್ಲ. ಅಲ್ಲೇ ಜನ ಎಡವುವುದು. ಹೆರ್ಡಾ ಎಂಬ ಚರ್ಮದ ಕಾಯಿಲೆ ಪೋಕೋ ಬುಯೆನೋ ವಂಶದಲ್ಲಿ ಜಾಸ್ತಿ, ದನದ ಕೆಲಸದ ಕುದುರೆಗಳಲ್ಲೇ ಹೆಚ್ಚು ಕಾಣುತ್ತದೆ. ಮರಿ ನೋಡಲು ಚೆನ್ನಾಗಿಯೇ ಇರುತ್ತೆ. ಎರಡು ವರ್ಷಕ್ಕೆ ಜೀನು ಹಾಕಿದಾಗ ಬೆನ್ನಿನ ಚರ್ಮ ಸಡಿಲವಾಗಿ ಹರಿಯುತ್ತೆ, ವಾಸಿಯಾಗಲ್ಲ. ತಂದೆ ತಾಯಿ ಇಬ್ಬರೂ ವಾಹಕರಾದರೆ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಅಪಾಯ. ಒಬ್ಬರೇ ವಾಹಕರಾದರೆ ಮರಿಗೆ ಕಾಯಿಲೆ ಬರುವುದಿಲ್ಲ. ನಿಮ್ಮದರ ಫಲಿತಾಂಶ ಕೈಯಲ್ಲಿ ಹಿಡಿದುಕೊಂಡು ಆಮೇಲೆ ಗಂಡು ಆರಿಸಿ.

ಯಾರ್ಡ್ ಡಾಕ್ಟರು:

ಪ್ಯಾನೆಲ್ ಮಾತಿಗೆ ನನ್ನದೂ ಒಂದು ಸಹಿ.

ಹೆಸರಿಲ್ಲದ ಹೆಣ್ಣುಗಳು. ರಾಂಚ್‌ಗಳಲ್ಲಿ ಒಂದು ಗಂಡಿಗೆ ಒಂದು ಹಿಂಡು ಹೆಣ್ಣು ಬಿಟ್ಟು ಹುಲ್ಲುಗಾವಲಿಗೆ ಅಟ್ಟುತ್ತಿದ್ದರು. ಗಂಡುಗಳಿಗೆ ಹೆಸರು, ಹೆಣ್ಣುಗಳಿಗೆ ಬರೆ. 1940ರ ನಂತರ ಇನ್‌ಸ್ಪೆಕ್ಟರ್‌ಗಳು ಪುಸ್ತಕ ಹಿಡಿದು ರಾಂಚ್‌ಗಳಿಗೆ ಬಂದು, ಕುದುರೆಯ ಮೈಕಟ್ಟು ನೋಡಿ, ಅಮ್ಮ ಯಾರು ಎಂದು ಕೇಳಿದಾಗ ಫೋರ್‌ಮನ್ ನೆನಪಿನಲ್ಲಿ ಇದ್ದದ್ದೇ ದಾಖಲೆ. ಅಂಥ ಸಾಲಿನಲ್ಲಿ ಎಷ್ಟೋ ಸಲ ಸೇನೆಯ ರಿಮೌಂಟ್ ಸೇವೆಯ (ಸೇನೆಗೆ ಕುದುರೆ ಒದಗಿಸುವ ವಿಭಾಗ) ಥರೋಬ್ರೆಡ್, ಅಂದರೆ ರೇಸ್ ತಳಿಯ, ಗಂಡುಗಳೂ ಸೇರಿವೆ. ಮೊದಲ ಮಹಾಯುದ್ಧದ ನಂತರ 1948ರವರೆಗೆ ಸೇನೆ ಒಳ್ಳೆಯ ಗಂಡುಗಳನ್ನು ರಾಂಚ್‌ಗಳಿಗೆ ಕೊಟ್ಟು, ಹುಟ್ಟಿದ ಕುದುರೆಗಳನ್ನು ಕೊಳ್ಳುವ ದಾರಿ ಇಟ್ಟುಕೊಂಡಿತ್ತು. ನೋಡಲು ಉದ್ದ ಕಾಲು, ಪೇಪರ್‌ನಲ್ಲಿ ಹೆಸರಿಲ್ಲ ಎಂದರೆ ನನಗೆ ಮೊದಲು ಬರುವ ಅನುಮಾನ ಅದೇ.

ಛಾಪಿಸಿದ ಹೆಸರಿದ್ದರೂ ನಂಬಿಬಿಡಬೇಡಿ. ಓಲ್ಡ್ ಸಾರೆಲ್‌ನ ಅಜ್ಜ ಪೀಟರ್ ಮೆಕ್ಯೂ, ಜೋ ಹ್ಯಾನ್‌ಕಾಕ್‌ನ ಅಜ್ಜನೂ ಅದೇ. 1895ರ ಆ ಕುದುರೆಯನ್ನು ಥರೋಬ್ರೆಡ್ ಪುಸ್ತಕದಲ್ಲಿ ಡ್ಯೂಕ್ ಆಫ್ ಹೈಲ್ಯಾಂಡ್ಸ್ ಮಗ ಎಂದು ಬರೆಸಿದ್ದರು. ತಂದೆ ಡ್ಯಾನ್ ಟಕರ್ ಎಂದು ಎಲ್ಲರೂ ಒಪ್ಪಿದ್ದು ಆಮೇಲೆ. ಥರೋಬ್ರೆಡ್ ಎಂದರೆ ರೇಸಿಗೆ ಬಿಡುತ್ತಿದ್ದರು, ಅಷ್ಟೇ ಕಾರಣ. ಜೋ ಹ್ಯಾನ್‌ಕಾಕ್‌ನ ತಾಯಿಯ ಕಡೆ ಪರ್ಶೆರಾನ್ ಗಾಡಿ ಕುದುರೆಯ ರಕ್ತ ಇದೆ, ನಿಮ್ಮದರ ದಪ್ಪ ಮೂಳೆಗೆ ಎಲ್ಲರೂ ಕೊಡುವ ಕಾರಣ ಅದು. ಶೇ. 3ರಲ್ಲಿ ಅಷ್ಟೊಂದು ಮೂಳೆ ಬರುತ್ತಾ? ನನಗೇನೋ ನಂಬಿಕೆ ಇಲ್ಲ.

ಡಿಎನ್‌ಎ ಇಲ್ಲದೆಯೂ ಒಂದು ಪರೀಕ್ಷೆ ನೀವೇ ಮಾಡಬಹುದು. ರೋನ್ ಬಣ್ಣ ತಂದೆ ತಾಯಿಯರಲ್ಲಿ ಒಬ್ಬರಿಂದ ಬರಲೇಬೇಕು, ತಲೆಮಾರು ಹಾರಿ ಬರುವುದಿಲ್ಲ. ಪೇಪರ್‌ನಲ್ಲಿ ಪ್ರತಿ ಹೆಸರಿನ ಜೊತೆ ಬಣ್ಣ ಬರೆದಿರುತ್ತೆ. ನಿಮ್ಮ ಕುದುರೆಯಿಂದ ಹಿಂದಕ್ಕೆ ಒಂದೊಂದೇ ರೋನ್ ಹಿಡಿದು ಹೋಗಿ. ಎಲ್ಲಾದರೂ ಇಬ್ಬರೂ ರೋನ್ ಅಲ್ಲ ಎಂದಾದರೆ, ಒಬ್ಬರು ಬೂದು ಬಣ್ಣದವರಾ ನೋಡಿ. ಬೂದು ರೋನ್ ಅನ್ನು ಮುಚ್ಚಿಬಿಡುತ್ತೆ. ಅದೂ ಅಲ್ಲದಿದ್ದರೆ ಆ ಜಾಗದಲ್ಲಿ ಪೇಪರ್ ತಪ್ಪಿದೆ, ಇಲ್ಲವೇ ಬಣ್ಣ ಬರೆದವರು ತಪ್ಪಿದ್ದಾರೆ. ಇನ್ನೊಂದು ತಮಾಷೆ: ಹ್ಯಾನ್‌ಕಾಕ್ ಎಂದರೆ ರೋನ್ ಅಂತಾರೆ. ಜೋ ಹ್ಯಾನ್‌ಕಾಕ್ ಕಂದು ಬಣ್ಣದ್ದು. ಅದರ ಮಗ ರೋನ್ ಹ್ಯಾನ್‌ಕಾಕ್ ಎಂಬ ಕುದುರೆಗೆ ಆ ಬಣ್ಣ ಕೊಟ್ಟದ್ದು ಮಗನ ಅಮ್ಮ.

ನೀಲಿರೋನ್:

ಒಂದಿಷ್ಟು ಸಿಕ್ಕಿತು, ಹೇಳಿಬಿಡುತ್ತೇನೆ. ಭುಜ ಒದ್ದೆ ಮಾಡಿದರೆ ಅಕ್ಷರ ಕಪ್ಪಗೆ ಎದ್ದು ಬಂತು. ಒಂದು ಕಾಲು ನೀವು ಹೇಳಿದ ಹಾಗೆ ಹಳೆಯ ಗೀರು. ಟೆಕ್ಸಸ್‌ನ ಒಂದು ಕೌಂಟಿಯಲ್ಲಿ ಆ ಬರೆ ಸಿಕ್ಕಿತು. ತಾಯಿಯ ರಾಂಚ್ ಅಲ್ಲ, ಬೇರೆಯವರು. ಫೋನ್ ಮಾಡಿದೆ. ಗಬ್ಬವಿದ್ದ ತಾಯಿಯನ್ನು ಒಕ್ಲಹೋಮಾದ ಆ ವ್ಯಕ್ತಿಯಿಂದ ಅವರೇ ಕೊಂಡಿದ್ದರಂತೆ. ಮರಿ ಹುಟ್ಟಿದ್ದು, ಬರೆ ಬಿದ್ದದ್ದು, ಪಳಗಿದ್ದು ಎಲ್ಲಾ ಅಲ್ಲೇ. ಐದು ವರ್ಷ ದನದ ಕೆಲಸ ಮಾಡಿದ ಮೇಲೆ ಮಾರಿದ್ದಾರೆ.

ಬಣ್ಣ ಹಿಡಿದು ಹೋದೆ. ತಂದೆ ಬೇ (ಕಂದು ಮೈ, ಕಪ್ಪು ಜೂಲು). ತಾಯಿ ರೆಡ್ ರೋನ್, ಅಜ್ಜಿ ಬ್ಲೂ ರೋನ್, ಅಜ್ಜಿಯ ತಾಯಿ ಸಾರೆಲ್ (ಕೆಂಪು ಬಣ್ಣ), ಆದರೆ ಅಜ್ಜಿಯ ತಂದೆ ರೋನ್. ಆ ಸಾರೆಲ್ ಕೂಡ ಅದೇ ಟೆಕ್ಸಸ್ ರಾಂಚ್‌ನದ್ದು! ಅಲ್ಲಿಗೆ ಕೆಳಗಿನ ಸಾಲಿನಲ್ಲಿ ಮೂರು ತಲೆಮಾರಾಯಿತು. ಮುಂದೆ ಮರಿಯನ್ನು ಮಾರುವುದಾದರೆ ಏನೆಂದು ಬರೆಯಲಿ?

ಯಾರ್ಡ್ ಡಾಕ್ಟರು:

"ತಾಯಿಯ ಕಡೆ ಮೂರು ತಲೆಮಾರು ಇಂಥ ರಾಂಚ್‌ನ ಹೆಣ್ಣುಗಳು, ತಂದೆ ಕಟಿಂಗ್ ವಂಶ, ಸ್ವತಃ ಐದು ವರ್ಷ ರಾಂಚ್ ಕೆಲಸ" ಎಂದು ಬರೆಯಿರಿ. ಹ್ಯಾನ್‌ಕಾಕ್ ಹೆಸರು ಬೇಡ. ಕೇಳುವವರು ಹೇಗೂ ಕೇಳುತ್ತಾರೆ, ಆಗ ಪೇಪರ್ ತೋರಿಸಿ.

ಆ ಸಾರೆಲ್‌ನ ಹಿಂದಿನದು ಬೇಕಿದ್ದರೆ ಮೊದಲು ಆ ರಾಂಚ್ ಆಫೀಸಿಗೇ ಒಂದು ಕಾಗದ ಹಾಕಿ. ದೊಡ್ಡ ರಾಂಚ್‌ಗಳು ಹೆಣ್ಣುಗುದುರೆಗಳ ಪುಸ್ತಕ ಇಟ್ಟಿರುತ್ತವೆ. ಮುಚ್ಚಿಹೋದ ರಾಂಚ್ ಆಗಿದ್ದರೆ ಲಬಕ್‌ನ ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದ ಸೌತ್‌ವೆಸ್ಟ್ ಕಲೆಕ್ಷನ್ ನೋಡಿ. ಹಳೆಯ ರಾಂಚ್‌ಗಳ ಲೆಕ್ಕದ ಪುಸ್ತಕಗಳು, ಪತ್ರಗಳು ಅಲ್ಲಿವೆ. ಕುದುರೆಗಿಂತ ದನದ ಲೆಕ್ಕವೇ ಜಾಸ್ತಿ ಇರುತ್ತೆ, ತಾಳ್ಮೆ ಬೇಕು. ಮತ್ತೆ ಗಂಡು ಆರಿಸುವಾಗ ಅದರ ಅಮ್ಮನ ಪ್ರೊಡ್ಯೂಸ್ ರೆಕಾರ್ಡ್ ಕೂಡ ಕೇಳಿ. ಗಂಡಿನ ಮಾಲೀಕರು ಕೊಡಲು ಹಿಂದೆ ಮುಂದೆ ನೋಡಿದರೆ ಬೇರೆ ಗಂಡು ನೋಡಿ.

ಕಡಿವಾಣ:

ಸರಿ ಬಿಡಿ, ನನ್ನ ಕುದುರೆ ಪೇಪರ್ ಎಲ್ಲಿಟ್ಟಿದ್ದೀನಿ ಹುಡುಕ್ತೀನಿ. ಮೇಡಂ, ಎಡ ಸೊಂಟದ ಮೇಲೆ ಬರೀ ಒಂದು ಸಂಖ್ಯೆ ಇದ್ದರೆ ಅದು ಏನು?

ಯಾರ್ಡ್ ಡಾಕ್ಟರು:

ಹುಟ್ಟಿದ ವರ್ಷದ ಕೊನೆಯ ಅಂಕಿ ಇರಬಹುದು, ತಂದೆಯ ನಂಬರ್ ಇರಬಹುದು. ಒಂದೊಂದು ರಾಂಚ್‌ದು ಒಂದೊಂದು ಕ್ರಮ. ಭುಜದ ಮೇಲೂ ಏನಾದರೂ ಇದೆಯಾ ನೋಡಿ, ಫೋಟೋ ಹಾಕಿ. ಒದ್ದೆ ಮಾಡಿ ತೆಗೆಯಿರಿ.